ಮಾತು ಬಿಟ್ಟು ಓಡಿದ್ದು

ಗುರುವಾರ, ಮಧ್ಯಾಹ್ನ

ನನ್ನ ಮಾತಿನಮಲ್ಲಿಗೆ,

ನಿನ್ನ ಕೊಕ್ಕರೆಯ ನೆನಪುಗಳು. ಕಾಲು ಮುರಿದುಕೊಂಡವಳು ನಾನು, ಓಟ ಬಿಟ್ಟವಳು ನೀನಂತೆ. ಇದ್ಯಾವ ನ್ಯಾಯ? ‘ಅವಳ ಕಾಲು ಹೋದದ್ದು ನನ್ನಿಂದಲೇ, ಭಾನುವಾರದ ಫೈನಲ್ ಓಡೋದಿಲ್ಲ’ ಅಂತ ಹಟ ಹಿಡಿದು ಕೂತಿದ್ದೀಯಂತೆ. ನಮ್ಮ ಕೋಚ್ ಸರ್ ನಿನ್ನೆ ಮನೆಗೇ ಬಂದು ಹೇಳಿದರು. ಇಷ್ಟು ದಿನ ಮಾತು ಬಿಟ್ಟಿದ್ದ ನನಗೆ ಫೋನ್ ಮಾಡಲು ಮುಖವಿಲ್ಲ, ಅದಕ್ಕೇ ಈ ಕಾಗದ.

ಮೊದಲು ನನ್ನ ಕ್ಷೇಮ ಕೇಳು. ಮೊಣಕಾಲಿನವರೆಗೆ ಪ್ಲಾಸ್ಟರ್. ಪ್ರೆಸ್ಸಿನ ಯಜಮಾನರು ಎತ್ತರದ ಸ್ಟೂಲ್ ಕೊಟ್ಟಿದ್ದಾರೆ, ಕೂತುಕೊಂಡೇ ಅಚ್ಚಾದ ಹಾಳೆ ಮಡಚುತ್ತೇನೆ. ಎದ್ದರೆ ಒಂಟಿ ಕಾಲಲ್ಲಿ ನಿಲ್ಲಬೇಕು. ಸರ್ ಇಟ್ಟ ಕೊಕ್ಕರೆ ಎಂಬ ಹೆಸರು ಈಗ ಸಾರ್ಥಕವಾಯಿತು ಎಂದು ಅಮ್ಮ ನಕ್ಕಳು. ಆರು ತಿಂಗಳಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಬರುವ ವರ್ಷ ನಿನ್ನ ಪಕ್ಕದಲ್ಲೇ ಓಡುತ್ತೇನೆ, ಆ ಚಿಂತೆ ಬಿಡು.

ಸೆಲೆಕ್ಷನ್ ಓಟದ ತಿರುವಿನಲ್ಲಿ ನಿನ್ನ ಮೊಣಕೈ ನನಗೆ ತಗುಲಿದ್ದು ನಿಜ. ಅಷ್ಟಕ್ಕೇ ಮೂಳೆ ಮುರಿಯುವುದಾದರೆ ಬೆಳಗಿನ ಬಸ್ಸು ಹತ್ತುವವರೆಲ್ಲ ಆಸ್ಪತ್ರೆಯಲ್ಲಿರಬೇಕಿತ್ತು. ಎಕ್ಸ್‌ರೇ ನೋಡಿದವರು ಬಿರುಕು ಹಳೆಯದು, ಅವತ್ತು ಪೂರ್ತಿ ಬಿಟ್ಟಿತು ಅಷ್ಟೇ ಎಂದರು.

ಆ ಬಿರುಕು ನಮ್ಮಿಬ್ಬರ ಮೌನದಿಂದ ಬಂದದ್ದು. ಕಷ್ಟದ ಅಭ್ಯಾಸದ ಮರುದಿನ ಹಗುರ ಓಟ. ಅದನ್ನು ಮಾತಾಡುತ್ತಲೇ ಓಡಬೇಕು, ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ ಎಂದು ಸರ್ ಕಟ್ಟಪ್ಪಣೆ ಮಾಡಿದ್ದರಲ್ಲ. ಆ ದಿನಗಳಲ್ಲಿ ನಿನ್ನ ಲಾಂಡ್ರಿಯ ಕಥೆಗಳೇ ನಮ್ಮ ಗಡಿಯಾರ. ಯಾರ ಕೋಟಿನ ಜೇಬಿನಲ್ಲಿ ಯಾರ ಕಿವಿಯೋಲೆ ಸಿಕ್ಕಿತು ಎಂದು ನೀನು ಶುರುಮಾಡಿದರೆ ನಾನು ಹೊಟ್ಟೆ ಹಿಡಿದುಕೊಂಡು ನಿಂತೇಬಿಡುತ್ತಿದ್ದೆ. ನಮ್ಮ ಕಾಲುಗಳು ಸುಧಾರಿಸಿಕೊಂಡದ್ದು ಆ ನಗುವಿನಲ್ಲೇ.

ಆಮೇಲೆ ಆ ಹಾಳು ಸಾವಿರದೈನೂರು ಮೀಟರ್ ಓಟ. ಒಂದೊಂದು ಸುತ್ತು ಒಬ್ಬೊಬ್ಬರು ಮುಂದೆ ಓಡಿ ಗಾಳಿ ತಡೆಯೋಣ ಎಂದು ಮಾತಾಗಿತ್ತು. ನಿನ್ನ ಸರದಿಯಲ್ಲಿ ನೀನು ಮುಂದೆ ಬರಲಿಲ್ಲ, ಕೊನೆಯ ತಿರುವಿನಲ್ಲಿ ಮಾತ್ರ ನನ್ನನ್ನು ದಾಟಿ ಗೆದ್ದೆ. ಆ ಸುತ್ತಿನಲ್ಲಿ ಪಕ್ಕೆ ಹಿಡಿದುಕೊಂಡಿತ್ತು ಕಣೇ ಎಂದೆ ನೀನು. ನಾನು ನಂಬಲಿಲ್ಲ. ಬೆನ್ನ ಹಿಂದೆ ಅಡಗಿ ಗೆದ್ದವಳು ಎಂದು ಎಲ್ಲರ ಮುಂದೆ ಆಡಿಬಿಟ್ಟೆ. ಆಡಬಾರದಿತ್ತು. ಇವತ್ತಿಗೂ ನೆನೆದರೆ ನಾಲಿಗೆ ಕಚ್ಚಿಕೊಳ್ಳುತ್ತೇನೆ.

ಆಮೇಲೂ ಜೊತೆಗೇ ಓಡಿದೆವು, ಬಾಯಿಗೆ ಬೀಗ ಹಾಕಿಕೊಂಡು. ನೀನು ಅರ್ಧ ಹೆಜ್ಜೆ ಮುಂದಾದರೆ ನಾನು ಒಂದು ಹೆಜ್ಜೆ ಮುಂದೆ. ಹಗುರ ಓಟಗಳೆಲ್ಲ ಪಂದ್ಯಗಳಾದವು. ಸರ್ ದೂರದಿಂದ ನೋಡಿ ಹುಡುಗಿಯರು ಮುನಿಸಿಕೊಂಡಿದ್ದಾರೆ ಎಂದುಕೊಂಡರೇ ಹೊರತು ವೇಗ ಗಮನಿಸಲಿಲ್ಲ. ಕಣಕಾಲು ನೋಯತೊಡಗಿದಾಗ ದೇವರು ನನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದುಕೊಂಡು ಓಡುತ್ತಲೇ ಹೋದೆ. ಓಟಕ್ಕೆ ಮುಂಚೆ ನೀನು ಕಣ್ಣು ಮುಚ್ಚಿದರೆ ಗೇಲಿ ಮಾಡುತ್ತಿದ್ದವಳು ನಾನೇ, ನೋಡು! ದೇವರ ಮೇಲೆ ನಂಬಿಕೆ ಇರಲಿ ಕಣಮ್ಮಾ, ಕಾಲಿಗೆ ನಿದ್ದೆನೂ ಇರಲಿ ಎಂದು ನಿನ್ನೆ ಸರ್ ಬೈದರು. ಬೈಯುತ್ತಲೇ ಅವರ ಕಣ್ಣು ತುಂಬಿತು.

ಭಾನುವಾರ ಹೋಗು. ಇಷ್ಟು ವರ್ಷದ ಬೆಳಗುಗಳನ್ನು ನನ್ನ ಕಾಲಿಗೆ ಕಟ್ಟಿ ಹಾಳುಮಾಡಬೇಡ. ಯಾರಿಗಾಗಿಯೂ ಓಡಬೇಡ, ಉಸಿರು ನೋಡಿಕೊಂಡು ಓಡು.

ನಿನ್ನ ಜಗಳಗಂಟಿ ಗೆಳತಿ,
ಕೊಕ್ಕರೆ

ಮರೆತ ಮಾತು: ಈ ಹಾಳೆಯನ್ನು ಬೇರೆಯಾಗಿ ಮಡಚಿ, ಫೈನಲ್ ಮುಗಿದ ಮೇಲಷ್ಟೇ ನಿನಗೆ ಕೊಡಿ ಎಂದು ಸರ್ ಕೈಯಲ್ಲಿಟ್ಟಿದ್ದೇನೆ. ಆರು ತಿಂಗಳು ಎಂದದ್ದು ಸುಳ್ಳು. ನಡೆಯಬಹುದು, ಮೆಲ್ಲಗೆ ಓಡಲೂಬಹುದು, ಪಂದ್ಯ ಮಾತ್ರ ಇನ್ನಿಲ್ಲ ಎಂದರು ಡಾಕ್ಟರು. ಇದನ್ನು ಹೊತ್ತುಕೊಂಡು ನೀನು ಗೆರೆಯ ಮೇಲೆ ನಿಲ್ಲುವುದು ನನಗೆ ಬೇಕಿರಲಿಲ್ಲ. ಸಂಜೆ ಮನೆಗೆ ಬಾ. ಗೆದ್ದಿದ್ದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ, ಬಹುಶಃ ಅತ್ತುಬಿಡುತ್ತೇನೆ. ಆದರೂ ಪದಕ ಹಾಕಿಕೊಂಡೇ ಬಾ.