ಚೆನ್ನಾಗಿ ತಿನ್ನಿ ಎಂಬ ಸರ್ಕಾರಿ ಔಷಧಿ

ತಾಯಂದಿರ ಆರೋಗ್ಯದ ಉಸ್ತುವಾರಿ ಹೊತ್ತ ಮಾನ್ಯರೇ,

ಬಸಿರು ನಿಲ್ಲದ, ಎಷ್ಟು ಮಾತ್ರೆ ನುಂಗಿದರೂ ರಕ್ತ ಏರದ ಹೆಣ್ಣುಮಕ್ಕಳಿಗೆ ಸೀಲಿಯಾಕ್ ಕಾಯಿಲೆ ಇದೆಯೇ ಎಂದು ತಮ್ಮ ಹೆರಿಗೆ ಆಸ್ಪತ್ರೆಗಳು ನೋಡುವುದೇ ಇಲ್ಲ. ನನ್ನ ದೂರು ಇದು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಕೆಲವರ ಕರುಳಿಗೆ ಹಗೆ. ಕರುಳು ಒಳಗೊಳಗೇ ಸವೆಯುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ, ಪತ್ತೆಯಾಗದೆ ಉಳಿದರೆ ಬಸಿರಿಗೂ ಕುತ್ತು. ಎಲ್ಲ ಗರ್ಭಪಾತಕ್ಕೂ ಇದೇ ಕಾರಣವೆನ್ನುವಷ್ಟು ಪಂಡಿತ ನಾನಲ್ಲ. ಆದರೆ ಒಂದು ಮಾತು ಕೇಳಿ ನೋಡಿದರೆ ಇಲಾಖೆಯ ಗಾಂಭೀರ್ಯಕ್ಕೆ ಭಂಗವೇ?

ನನ್ನ ತಂಗಿ ಆಶಾರಾಣಿಯ ಮೊದಲ ಬಸಿರು ಇಳಿದಾಗ ತಮ್ಮವರು ದಯಪಾಲಿಸಿದ ಉಪದೇಶ: "ರಕ್ತ ಕಮ್ಮಿ ಇದೆ ಕಣಮ್ಮಾ, ಚೆನ್ನಾಗಿ ತಿನ್ನಿ." ವಿಜಯಪುರದಿಂದ ಬಂದು ಕೆ.ಆರ್. ಪುರದಲ್ಲಿ ನೆಲೆಸಿದ ನಮ್ಮ ಮನೆಯಲ್ಲಿ ಚೆನ್ನಾಗಿ ತಿನ್ನುವುದೆಂದರೆ ಗೋಧಿ ಹುಗ್ಗಿ. ಮುಂದಿನ ಬಸಿರಿನಲ್ಲಿ ಅವ್ವ ಸಂಗಮ್ಮ ಸರ್ಕಾರಿ ಆಜ್ಞೆಯನ್ನು ತುಪ್ಪ ಸಮೇತ ಜಾರಿಗೊಳಿಸಿದಳು.

"ಇನ್ನೊಂದ್ ಸೌಟು ಹಾಕ್ಕೋ, ತಾಕತ್ ಬರ್ತದ."

"ಹೊಟ್ಟಿ ಉಬ್ಬತದ ಯವ್ವಾ."

"ಬಸುರಿ ಹೊಟ್ಟಿ ಉಬ್ಬಲಾರದ ಚಪ್ಪಟಿ ಆಗ್ತದೇನ್?"

ಎಲ್ಲರೂ ನಕ್ಕೆವು. ಆ ಬಸಿರೂ ಉಳಿಯಲಿಲ್ಲ.

ಕೊನೆಗೆ ಕುಕ್ ಟೌನಿನ ವೈದ್ಯೆಯೊಬ್ಬರು, "ಗೋಧಿ ತಿಂದ್ರೆ ಏನಾಗುತ್ತಮ್ಮಾ?" ಎಂದು ಕೇಳಿದರು. ರಕ್ತ ಪರೀಕ್ಷಿಸಿ, ಕರುಳು ನೋಡಿಸಿ ಖಚಿತಪಡಿಸಿದರು. ಅಂದಿನಿಂದ ಗೋಧಿಗೆ ಗಡೀಪಾರು. ಜೋಳವನ್ನೂ ಅವ್ವ ಮನೆಯಲ್ಲೇ ಬೀಸುತ್ತಾಳೆ. ಗಿರಣಿಯ ಕಲ್ಲಿನಲ್ಲಿ ಹಿಂದಿನವರ ಗೋಧಿ ಅಡಗಿದ್ದರೆ? ಆಶಾ ಈಗ ಮತ್ತೆ ಬಸುರಿ.

ಕಳೆದ ವಾರ ಶಿವಾಜಿನಗರದ ಕಡೆಯ ತಮ್ಮದೊಂದು ಆಸ್ಪತ್ರೆಯ ಬೆಂಚಿನಲ್ಲಿ ಅವಳ ಪಕ್ಕ ಜಹನಾರಾ ಎಂಬ ಬಸುರಿ ಕೂತಿದ್ದಳು. ಸುಣ್ಣದಂಥ ಮುಖ. ಹಿಂದಿನವೆರಡೂ ಉಳಿದಿಲ್ಲ. ಚಹಾದಲ್ಲಿ ಬನ್ ಅದ್ದುತ್ತ, "ಏನ್ ತಿಂದ್ರೂ ಮೈಗೆ ಹತ್ತಲ್ಲ ಅಕ್ಕಾ. ಸಿಸ್ಟರ್ ಚೆನ್ನಾಗಿ ತಿನ್ನು ಅಂದ್ರು," ಎಂದಳು.

ಆಶಾ ಎದ್ದು ಹೋಗಿ ಆ ಸಿಸ್ಟರ್ ಹತ್ತಿರವೇ ಸೀಲಿಯಾಕ್ ಪರೀಕ್ಷೆಯ ಬಗ್ಗೆ ಕೇಳಿದಳು.

"ಅದೆಲ್ಲ ಇಲ್ಲಿ ಮಾಡಲ್ಲಮ್ಮಾ. ಸುಮ್ನೆ ಅವರನ್ನ ಹೆದರಿಸ್ಬೇಡಿ."

ಬನ್ನಿನ ಮೈದಾವೂ ಗೋಧಿಯೇ; ಕಿತ್ತುಕೊಳ್ಳೋಣವೆಂದರೆ ಅದೂ ಸಾಧ್ಯವಿಲ್ಲ. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ರಕ್ತದಲ್ಲಿ ಕಾಣದೆ ಹೋಗಬಹುದು. ಫೋನ್ ನಂಬರ್ ಕೇಳುವಷ್ಟರಲ್ಲಿ ಒಳಗಿನಿಂದ ಜಹನಾರಾಳನ್ನು ಕೂಗಿದರು. ಅವಳನ್ನು ಹುಡುಕುವ ದಾರಿ ನಮಗಿಲ್ಲ. ತಮಗಿದೆ.

ಆದ್ದರಿಂದ ಮಾನ್ಯರೇ, ಇಂಥವರೆಲ್ಲರಿಗೂ ಆ ಪರೀಕ್ಷೆ ಮಾಡಿಸಿ; ಅದಕ್ಕೆ ಸಭೆ ಬೇಕಿದ್ದರೆ ಬೋಂಡಾ ಸಮೇತ ನಡೆಸಿ. ಆದರೆ ಮೊದಲು ಜಹನಾರಾಳನ್ನು ಕರೆಸಿ. ಅಲ್ಲಿಯವರೆಗೆ ಅವಳು ತಮ್ಮ ಮಾತು ಮೀರುವವಳಲ್ಲ. ಚೆನ್ನಾಗಿ ತಿನ್ನುತ್ತಿರುತ್ತಾಳೆ.

ಇಂತಿ,
ಎರಡು ಸಲ ಸೋದರಮಾವನಾಗಲು ಹೊರಟು ವಾಪಸಾದ
ರವಿಕಿರಣ
ಟಿನ್ ಫ್ಯಾಕ್ಟರಿ ಹಿಂಭಾಗ, ಕೆ.ಆರ್. ಪುರ