ಊದಲು ಉಸಿರಿಲ್ಲದವಳು

ಮುಚ್ಚೂರು, ಕಪ್ಪತಗುಡ್ಡದ ಅಡಿ
ಕ್ರಿ.ಶ. ೨೪೧೭, ತೆರೆಗಾಳಿ ಮಾಸ

ಹಿಂದಿನ ಕಾಲದವರೇ,

ನನ್ನ ಮಾತು ನಿಮ್ಮ ಕಿವಿಗೆ ಒರಟಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚಿದೆ. ಅದನ್ನು ಮುಚ್ಚಿಡುವ ನಯದ ಪದಗಳು ನಮ್ಮ ಕಾಲದ ಕನ್ನಡದಲ್ಲಿ ಉಳಿದಿಲ್ಲ.

ಹೊಗೆಗಾಲದಿಂದೀಚೆಗೆ ನಮ್ಮಲ್ಲಿ ಹುಟ್ಟುವವರ ಶ್ವಾಸಕೋಶ ಅರಳುವುದೇ ಇಲ್ಲ. ಹುಟ್ಟಿದೊಡನೆ ವೈದ್ಯರು ಪಕ್ಕೆಗೆ ಉಸಿರುಗೂಡು ಕೂರಿಸುತ್ತಾರೆ. ಅದು ನೆತ್ತರನ್ನು ಹೊರಗೆಳೆದು, ಕೊಳೆಗಾಳಿ ತೆಗೆದು, ಆಮ್ಲಜನಕ ಬೆರೆಸಿ ಮರಳಿ ಒಳಗೆ ಬಿಡುವ ಯಂತ್ರ. ಬದುಕಲು ಅಷ್ಟು ಸಾಕು. ಆದರೆ ಎದೆ ಏರಿಳಿಯುವುದಿಲ್ಲ, ಮೂಗಿಗೆ ವಾಸನೆ ತಿಳಿಯುವುದಿಲ್ಲ. ಮಾತಾಡುವುದೂ ಗಂಟಲಿಗೆ ಕಟ್ಟಿದ ದನಿತಂತಿಯಿಂದ.

ಹೊರಗಿನ ಗಾಳಿ ತಿಳಿಯಾದ ಮೇಲೆ ವೈದ್ಯರು ಒಂದು ಜೋಡಿ ಶ್ವಾಸಕೋಶ ಬೆಳೆಸಿದರು. ಅದು ನನಗೂ ಒಗ್ಗುತ್ತಿತ್ತು, ನನ್ನ ತಂಗಿ ಮಧುಮತಿಗೂ ಒಗ್ಗುತ್ತಿತ್ತು. ನನ್ನ ಎದೆ ತಟ್ಟಿ ನೋಡಿದ ವೈದ್ಯೆ, "ದೊಡ್ಡಾಕಿ ವಪೆ ಸತ್ತೈತಿ. ಸಣ್ಣಾಕಿಗೆ ಹಾಕೂಣು" ಎಂದಳು. ವಪೆ ಎಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು. ಅದು ಕೆಳಗಿಳಿದರೆ ಎದೆಗೂಡು ಹಿಗ್ಗಿ ಗಾಳಿ ತಾನೇ ಒಳಬರುತ್ತದೆ, ಸಡಿಲಾದರೆ ಹೊರಹೋಗುತ್ತದೆ.

ಎಚ್ಚರವಾದಾಗ ಮಧುಮತಿ, "ಅಕ್ಕಾ, ಮೂಗಿನ್ಯಾಗ ತಣ್ಣಗ ಹೊಕ್ಕು ಒಳಗ ಬೆಚ್ಚಗಾಗತೈತಿ!" ಎಂದು ಅತ್ತಳು. ನಾನು ಕೈ ಹಿಡಿದು ಮುಗುಳ್ನಕ್ಕೆ, ಒಳಗೆ ಉರಿಯುತ್ತಿದ್ದೆ. ಅವಳ ಎದೆಯಲ್ಲಿ ಗಾಳಿಕೊಳವೆ ಕೊಂಬೆ ಕೊಂಬೆಯಾಗಿ ಕವಲೊಡೆದು, ತುದಿಯ ತೆಳು ಗಾಳಿಚೀಲಗಳ ಬಳಿ ನೆತ್ತರು ಕೆಂಪೇರುತ್ತಿತ್ತು. ಒಗ್ಗರಣೆಯ ಘಾಟಿಗೆ ಅವಳು ಸೀನಿದಳು. ಆ ಸೀನೂ ನನಗೆ ಬೇಕಿತ್ತು.

ಮುಂದೆ ಅವಳು ಬಸುರಾದಳು. ತಾಯಿ ತಿಳಿಗಾಳಿ ಉಸಿರಾಡಿದ್ದರಿಂದ ಕೂಸಿನ ಶ್ವಾಸಕೋಶ ಚೆನ್ನಾಗಿ ಬೆಳೆದಿದೆ, ಉಸಿರುಗೂಡು ಬೇಕಾಗದು ಎಂದು ವೈದ್ಯೆ ಹೇಳಿದ್ದಳು. ಆದರೆ ವೈದ್ಯೆ ಬಂದು ತಲುಪುವ ಮೊದಲೇ ಹೆರಿಗೆಯಾಯಿತು. ಸೂಲಗಿತ್ತಿಯಾದ ನಾನೇ ಕೂಸನ್ನು ಎತ್ತಿಕೊಂಡೆ. ಅದು ನೀಲಿಗಟ್ಟಿತ್ತು, ಅಳಲಿಲ್ಲ. ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ. ಬಾಯಿಗೆ ಬಾಯಿಟ್ಟೆ. ಊದಲು ನನ್ನೊಳಗೆ ಏನೂ ಇರಲಿಲ್ಲ.

"ಇಲ್ಲಿ ತಾ ಅಕ್ಕಾ!"

ಮಧುಮತಿ ನೆತ್ತರ ಹಾಸಿಗೆಯಲ್ಲೇ ಮೊಣಕೈಯೂರಿ ಎದ್ದಳು. ಎದೆ ತುಂಬ ಉಸಿರೆಳೆದು ಕೂಸಿನ ಬಾಯಿಗೆ ಒಂದಿಷ್ಟೇ ಗಾಳಿಯನ್ನು ಮೆಲ್ಲಗೆ ಊದಿದಳು, ಮತ್ತೆ ಊದಿದಳು. ಪುಟ್ಟ ಎದೆ ಎದ್ದಿತು. ನೀರು ತುಂಬಿದ್ದ ಗಾಳಿಚೀಲಗಳು ಬಿಚ್ಚಿಕೊಂಡವು. ಆಮೇಲೆ ಅಳು. ಅಂಥ ಗದ್ದಲವನ್ನು ನಮ್ಮ ಊರು ಕೇಳಿಯೇ ಇರಲಿಲ್ಲ.

"ಎಷ್ಟ್ ಒದರತೈತಿ ನೋಡ ಅಕ್ಕಾ!" ಎಂದು ಅವಳು ನಕ್ಕಳು.

ನಾನು ಕೂಸನ್ನು ಒರೆಸುತ್ತಾ ತಲೆ ತಗ್ಗಿಸಿದೆ. ಅದು ಬದುಕಿದ ಸಂತೋಷ ಸುಳ್ಳಲ್ಲ. ಬದುಕಿಸಿದ ಗಾಳಿ ನನ್ನದಲ್ಲವಲ್ಲ ಎಂಬ ಸಂಕಟ ಮಾತ್ರ ಅದಕ್ಕಿಂತ ದೊಡ್ಡದಾಗಿತ್ತು. ಇಂದಿಗೂ ಹಾಗೇ ಇದೆ.

ನಿಮ್ಮೂರ ಗಾಳಿಗೆ ಇನ್ನಷ್ಟು ಹೊಗೆ ಬೆರೆಸಬೇಡಿ. ಲೋಕದ ಉದ್ಧಾರಕ್ಕಾಗಿ ಕೇಳುತ್ತಿಲ್ಲ, ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಮುಂದೊಂದು ದಿನ ಒಂದು ಕೂಸು ಅಳದೆ ಹುಟ್ಟುತ್ತದೆ. ಅದನ್ನು ಎತ್ತಿಕೊಂಡವಳು ಬೇರೆಯವರ ಕೈಗೆ ದಾಟಿಸಿ ಸುಮ್ಮನೆ ನಿಂತು ನೋಡುವಂತಾಗದಿರಲಿ.

ಇಂತು,
ಸೂಲಗಿತ್ತಿ ಚಂದ್ರಬಾಯಿ