ಇಫ್ತಾರಿನ ಹೊತ್ತಿನ ರೀಸ್ಟಾರ್ಟ್

ಮಾರ್ಚ್ 4, ಮಂಗಳವಾರ

ಇವತ್ತೂ ಮಸೀದಿಯ ಬಾಂಗ್ ಕೇಳಿದ ಮೇಲೆ ಸರ್ವರ್ ರೀಸ್ಟಾರ್ಟ್ ಮಾಡಿದೆ. ಇಫ್ತಾರಿನ, ಉಪವಾಸ ಬಿಡುವ ಹೊತ್ತು. ಈ ಅರಬ್ ಊರಿನಲ್ಲಿ ನಮ್ಮ ಬಿಲ್ಲಿಂಗ್ ಪ್ರೋಗ್ರಾಂ ಓಡುವ ಮೆಡಿಕಲ್ ಶಾಪ್‌ಗಳಲ್ಲಿ ಕೌಂಟರ್‌ಗಳೆಲ್ಲ ಖಾಲಿ. ಯಾರಿಗೂ ತಿಳಿಯುವುದಿಲ್ಲ.

ಸರ್ವರ್ ಪ್ರತಿ ಬಿಲ್ಲಿಗೂ ಒಂದಿಷ್ಟು ಮೆಮೊರಿ ತೆಗೆದುಕೊಳ್ಳುತ್ತದೆ, ವಾಪಸ್ ಬಿಡುವುದಿಲ್ಲ. ರಾತ್ರಿಯೊಳಗೆ ತುಂಬಿ ನಿಂತುಬಿಡುತ್ತದೆ. ರೀಸ್ಟಾರ್ಟ್ ಮಾಡಿದರೆ ಎಲ್ಲ ಖಾಲಿಯಾಗಿ ಮತ್ತೆ ಓಡುತ್ತದೆ. ಎಲ್ಲಿ ಲೀಕ್ ಎಂದು ಹುಡುಕಲು ನನ್ನಿಂದ ಆಗಲಿಲ್ಲ. ಎಂ.ಎಸ್ಸಿ., ಟೀಮ್ ಲೀಡ್... ಆಗಲಿಲ್ಲ ಎನ್ನಲು ಬಾಯಿ ಬರಲಿಲ್ಲ.

ಮಾರ್ಚ್ 11

ಮ್ಯಾನೇಜರ್ ದ್ವಾರಕನಾಥರಿಗೆ ಖುಷಿ. "ಏನ್ರೀ ನಾಗಮಣಿ, ರಂಜಾನ್ ಶುರುವಾದಾಗಿಂದ ಒಂದು ಕಂಪ್ಲೇಂಟೂ ಇಲ್ಲ! ಏನಾದ್ರೂ ಮಾಡಿದ್ರಾ?"

"ಇಲ್ಲ ಸರ್."

ಎಷ್ಟು ಸಲೀಸಾಗಿ ಬಂತು.

ಮೊದಲೆಲ್ಲ ಸರ್ವರ್ ಯಾಕೆ ನಿಲ್ಲುತ್ತಿತ್ತು ಎಂದು ಗ್ರಾಹಕರಿಗೆ ಕಾರಣ ಬೇಕಂತೆ. ಹುಡುಕುವ ಕೆಲಸ ರೋಷನ್‌ಗೆ — ಉಡುಪಿಯವನು, ಆ ಕೋಡ್ ಬರೆದವನು. ಈ ತಿಂಗಳೊಳಗೆ ಸಿಗದಿದ್ದರೆ ಅವನ ವೀಸಾ ರಿನ್ಯೂ ಮಾಡಿಸುವುದಿಲ್ಲವಂತೆ. ಕೇಳಿಸಿಕೊಂಡು ನನ್ನ ಸೀಟಿಗೆ ಬಂದೆ.

ಮಾರ್ಚ್ 13

ರೋಷನ್ ಸರ್ವರ್ ಮೆಮೊರಿಯ ಗ್ರಾಫ್ ತಂದ. "ಅಕ್ಕ, ಇದು ನೋಡಿ ಮಾರಾಯ್ರೆ. ಬೆಳಿಗ್ಗೆಯಿಂದ ಏರ್ತಾ ಬಂದು, ಬಾಂಗ್ ಆದ ಕೂಡ್ಲೇ ದಡಕ್ಕಂತ ಇಳೀತದೆ. ಸರ್ವರ್ ಕೂಡ ಉಪವಾಸ ಬಿಡ್ತದಾ ಹೇಗೆ?"

ನಕ್ಕೆ. ನಕ್ಕೆನಲ್ಲ!

ಕೌಂಟರಿನವರು ಲಾಗ್‌ಔಟ್ ಆದಾಗ ಮೆಮೊರಿ ಬಿಡುಗಡೆಯಾಗುತ್ತದೆ ಎಂದು ಅವನ ಊಹೆ. ತಪ್ಪು ದಾರಿ. ಹತ್ತಿಸಿದವಳು ನಾನು. ಯಾವಾಗ ಏನು ನಡೆಯಿತೆಂದು ದಾಖಲಾಗುವ ಸರ್ವರಿನ ಲಾಗ್ ಕೇಳಿದ. "ನೋಡಿದ್ದೀನಿ, ಏನಿಲ್ಲ" ಅಂದೆ.

ಮಾರ್ಚ್ 20

ಒಂದು ವಾರ ಏನೂ ಬರೆಯಲಿಲ್ಲ. ಕವಿತೆಯ ಪುಸ್ತಕ ತೆರೆಯುತ್ತೇನೆ, ಎರಡು ಸಾಲಿಗೇ ಮುಚ್ಚುತ್ತೇನೆ.

ಇವತ್ತು ಮೀಟಿಂಗ್. ರೋಷನ್ ಲಾಗ್‌ಔಟ್ ಕೋಡ್ ಪೂರ್ತಿ ಬದಲಿಸಿದ್ದಾನೆ. ಲೀಕ್ ಇದ್ದಲ್ಲೇ ಇದೆ. ದ್ವಾರಕನಾಥರು ಗ್ರಾಫ್ ನೋಡಿ, "ರೀಸ್ಟಾರ್ಟ್ ಮಾಡಿದ್ರೂ ಹೀಗೇ ಇಳಿಯತ್ತಲ್ವಾ? ಯಾರಾದ್ರೂ ಮಾಡ್ತಿದೀರಾ?" ಅಂದರು.

ನಾನು ಬಾಯಿ ತೆರೆಯುವ ಮೊದಲೇ ರೋಷನ್: "ಪಾಸ್‌ವರ್ಡ್ ಇರೂದು ಅಕ್ಕನ ಹತ್ರ ಮಾತ್ರ ಸರ್. ಮಾಡಿದ್ರೆ ಅವ್ರು ಹೇಳ್ತಿರ್ಲಿಲ್ವಾ?"

ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ತೆರೆದೆ.

"ಹಾಗಾದ್ರೆ ಈ ತಿಂಗಳು ಅಷ್ಟೇ ರೋಷನ್. ಆಮೇಲೆ ಖಲಾಸ್," ಅಂದರು ದ್ವಾರಕನಾಥರು.

ಮಾರ್ಚ್ 24, ಸಂಜೆ 7

ಬಾಂಗ್ ಆಯಿತು. ರೀಸ್ಟಾರ್ಟ್ ಮಾಡಲಿಲ್ಲ.

ರೋಷನ್‌ನನ್ನು ಪಕ್ಕ ಕೂರಿಸಿಕೊಂಡು ಹೇಳಿದೆ. ಎಲ್ಲ. ಅವನು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಎಂತ ಅಕ್ಕ ನೀವು..." ಅಷ್ಟೇ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಅಂದ: "ಇನ್ನು ಮುಟ್ಬೇಡಿ. ತುಂಬ್ಲಿ. ಎಂತದನ್ನು ಬಿಡದೆ ಹಿಡ್ಕೊಂಡಿದೆ ಅಂತ ಆಗ ಕಾಣ್ತದೆ."

8:20

ತುಂಬಿತು. ಬಿಲ್ಲಿಂಗ್ ನಿಂತಿದೆ. ಶಾಪ್‌ಗಳಿಂದ ಫೋನ್ ಮೇಲೆ ಫೋನ್. ರೋಷನ್ ಮೆಮೊರಿಯಲ್ಲಿ ಉಳಿದದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡುತ್ತಿದ್ದಾನೆ. ಬಿಲ್ ಮುಗಿದರೂ ಮುಚ್ಚದೆ ಬಿಟ್ಟ ಕನೆಕ್ಷನ್‌ಗಳು, ರಾಶಿ. ಸಿಗುವ ಹಾಗಿದೆ.

ನನ್ನ ಮೊಬೈಲ್. ದ್ವಾರಕನಾಥರು.

"ಎತ್ಬೇಡಿ ಅಕ್ಕ, ಇನ್ನು ಸ್ವಲ್ಪ ಹೊತ್ತು," ಎನ್ನುತ್ತಾನೆ. ಎತ್ತದಿದ್ದರೆ ಅವನಿಗೇ ಫೋನ್ ಮಾಡುತ್ತಾರೆ. ಅವನನ್ನೇ ಬೈಯುತ್ತಾರೆ. ಎತ್ತಿ ಹೇಳುತ್ತೇನೆ: ಇವತ್ತು ನಿಲ್ಲಲು ಬಿಟ್ಟವಳು ನಾನು ಸರ್, ಇಷ್ಟು ದಿನ ರೀಸ್ಟಾರ್ಟ್ ಮಾಡಿದವಳೂ ನಾನೇ.